ಇದು ಎಷ್ಟನೇ ಮಾಡಲ್?

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಜೆ ಹೊತ್ತು ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಚಹಾ ಕುಡಿಯುತ್ತ ನಿಂತಿರುತ್ತೇವೆ. ಆಟೋ, ಬಸ್ಸು, ಸ್ಕೂಟಿ, ಎಲ್ಲದರ ಸದ್ದೂ ಕಿವಿಗೆ ಬೀಳುತ್ತಿರುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಅಷ್ಟರಲ್ಲಿ ದೂರದಿಂದ ಇನ್ನೊಂದು ಸದ್ದು ಬರುತ್ತದೆ. ತೆಳ್ಳಗೆ, ಚುರುಕಾಗಿ, ಸ್ವಲ್ಪ ಗಂಟಲು ಕಟ್ಟಿದ ಹಾಗೆ. ನಲವತ್ತು ದಾಟಿದವರೆಲ್ಲ ಕಪ್ಪು ಕೈಯಲ್ಲಿ ಹಿಡಿದೇ ತಿರುಗುತ್ತಾರೆ. ಯಮಹಾ ಆರ್‌ಎಕ್ಸ್ 100! ಗಾಡಿ ನಿಂತ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, 'ಅಣ್ಣಾ, ಇದು ಎಷ್ಟನೇ ಮಾಡಲ್ ರೀ?'

ಆಮೇಲೆ ಶುರುವಾಗುತ್ತದೆ ನೋಡಿ. ಒಬ್ಬರು 88 ಅಂತಾರೆ. ಇನ್ನೊಬ್ಬರು ಪೆಟ್ರೋಲ್ ಟಾಕಿ ಮುಟ್ಟಿ ನೋಡಿ, ಇಲ್ಲ ಇಲ್ಲ, 92 ಅಂತಾರೆ. ಹೇಳುವವರ ಮುಖ ನೋಡಬೇಕು. ಎಲ್ಲರೂ ತಮ್ಮ ಹರೆಯದ ಒಂದೊಂದು ವರ್ಷವನ್ನೇ ಹೇಳುತ್ತಿರುತ್ತಾರೆ.

ನಮ್ಮ ಕಾಕಾ ಅವರ ಹತ್ತಿರವೂ ಒಂದು ಆರ್‌ಎಕ್ಸ್ 100 ಇದೆ. 1996ರ ಮಾರ್ಚ್ ತಿಂಗಳು, ಆ ಸಲದ ತೊಗರಿ ಮಾರಿದ ದುಡ್ಡಿನಲ್ಲಿ ಸೊಲ್ಲಾಪುರದಿಂದ ತಂದದ್ದು. ತಿಂಗಳು ಹೇಗೆ ನೆನಪಿದೆ ಅಂದರೆ, ವಿಶ್ವಕಪ್ಪಿನಲ್ಲಿ ಬೆಂಗಳೂರಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿದ್ದು ಅದೇ ಮಾರ್ಚ್ 9ರಂದು. ಆ ಆಟದ ಕಾಮೆಂಟರಿಯನ್ನು ಕಾಕಾ ಕೇಳಿದ್ದು ರೇಡಿಯೋದಲ್ಲೇ. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ತಿಂಗಳು. ಅದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಈ ಗಾಡಿಗಳು ನಮ್ಮ ಕಡೆ ಬಂದಾಗ ಏನಾಯಿತು ಅಂತ ಈಗಿನ ಹುಡುಗರಿಗೆ ಹೇಳಬೇಕು. ಅದಕ್ಕೂ ಮೊದಲು ಫಟಫಟಿ ಅಂದರೆ ಬುಲೆಟ್, ರಾಜದೂತ್, ಮೈಸೂರಿನ ಯೆಜ್ಡಿ. ಗಟ್ಟಿ ಗಾಡಿಗಳು, ಭಾರದ ಗಾಡಿಗಳು. ಎಂಬತ್ತರ ದಶಕದಲ್ಲಿ ಸರಕಾರ ಸಣ್ಣ ಇಂಜಿನ್ನಿನ ಗಾಡಿಗಳಿಗೆ ವಿದೇಶಿ ಕಂಪನಿಗಳ ಜೊತೆ ಕೈಜೋಡಿಸಲು ಬಿಟ್ಟಿತು. 100 ಸಿಸಿವರೆಗೆ ಮಾತ್ರ. ಹಾಗಾಗಿಯೇ ಇಂಡ್ ಸುಜುಕಿ ಎಎಕ್ಸ್ 100, ಹೀರೋ ಹೋಂಡಾ ಸಿಡಿ 100, ಕವಾಸಕಿ ಬಜಾಜ್ ಕೆಬಿ 100, ಯಮಹಾ ಆರ್‌ಎಕ್ಸ್ 100, ಎಲ್ಲದರ ಹೆಸರಲ್ಲೂ ಆ ನೂರು. ಹೀರೋ ಹೋಂಡಾ ಫೋರ್ ಸ್ಟ್ರೋಕ್, ಒಂದು ಲೀಟರಿಗೆ ಎಲ್ಲಿಗೋ ಹೋಗಿ ಬರುತ್ತಿತ್ತು. ಉಳಿದ ಮೂರೂ ಟೂ ಸ್ಟ್ರೋಕ್. ಪೆಟ್ರೋಲ್ ಜೊತೆ ಎಣ್ಣೆಯೂ ಸುಡುತ್ತಿದ್ದವು, ಹಿಂದೆ ನೀಲಿ ಹೊಗೆ.

ಆರ್‌ಎಕ್ಸ್ 100 ಬಂದದ್ದು 1985ರ ನವೆಂಬರ್‌ನಲ್ಲಿ. 98 ಸಿಸಿ, 11 ಹಾರ್ಸ್‌ಪವರ್, ತೂಕ ಸುಮಾರು 100 ಕಿಲೋ. ಅಂದರೆ ಒಂದು ಕ್ವಿಂಟಲ್ ತೊಗರಿಯಷ್ಟು ಭಾರದ ಗಾಡಿಗೆ ಹನ್ನೊಂದು ಕುದುರೆ ಕಟ್ಟಿದ ಹಾಗೆ!

ನಮ್ಮ ಕಾಕಾ ಊರಿನ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ, ಅಂದರೆ ಪೆಟ್ಟಿಗಿ, ಬಾರಿಸುವವರು. ಯಮಹಾ ಗುರುತು ನೋಡಿದ್ದೀರಲ್ಲ, ಒಂದು ವೃತ್ತದೊಳಗೆ ಮೂರು ಕವಲುಕಡ್ಡಿ? ಅವು ಶ್ರುತಿ ಹಿಡಿಯುವ ಟ್ಯೂನಿಂಗ್ ಫೋರ್ಕ್‌ಗಳು. ಆ ಸಂಸ್ಥೆಯ ಮೂಲಪುರುಷ ತೊರಾಕುಸು ಯಮಹಾ 1887ರಲ್ಲಿ ಜಪಾನಿನ ಹಮಾಮತ್ಸು ಊರಿನ ಶಾಲೆಯೊಂದರ ರೀಡ್ ಆರ್ಗನ್ ರಿಪೇರಿ ಮಾಡಿದವರು. ನಮ್ಮ ಹಾರ್ಮೋನಿಯಂ ಜಾತಿಯದ್ದೇ ವಾದ್ಯ ಅದು, ಗಾಳಿಗೆ ಅದುರುವ ತೆಳು ನಾಲಿಗೆಗಳಿಂದ, ಅಂದರೆ ರೀಡ್‌ಗಳಿಂದ, ದನಿ ಬರುತ್ತದೆ. ಮೋಟರ್‌ಸೈಕಲ್ ಮಾಡಲು ಶುರು ಮಾಡಿದ್ದು 1955ರಲ್ಲಿ. ಇನ್ನೂ ಖುಷಿಯ ಮಾತು ಕೇಳಿ. ಆರ್‌ಎಕ್ಸ್ 100ರ ಇಂಜಿನ್ನಿಗೆ ಗಾಳಿ ಪೆಟ್ರೋಲ್ ಹೋಗುವ ದಾರಿಯಲ್ಲಿ ತೆಳುವಾದ ನಾಲಿಗೆಗಳಿವೆ. ಇಂಜಿನ್ ಉಸಿರೆಳೆದಾಗ ತೆರೆಯುತ್ತವೆ, ಬಿಟ್ಟಾಗ ಮುಚ್ಚುತ್ತವೆ. ಅದಕ್ಕೂ ಹೆಸರು ರೀಡ್ ವಾಲ್ವ್. ಇದನ್ನು ಮೊದಲ ಸಲ ಬಿಚ್ಚಿ ತೋರಿಸಿದಾಗ ಕಾಕಾ ಅದನ್ನು ಬೆರಳಲ್ಲಿ ಮೀಟಿ, 'ಇದೂ ನಮ್ಮ ಪೆಟ್ಟಿಗಿನೇ ಅದ' ಅಂದಿದ್ದರು.

ಈಗ ಗಾಡಿಯ ವಯಸ್ಸಿನ ಮಾತಿಗೆ ಬರೋಣ. ನಂಬರ್ ಪ್ಲೇಟ್ ನೋಡಿ ಕಾಕಾ ಅವರ ಗಾಡಿಯನ್ನು ಎಲ್ಲರೂ 96ರ ಮಾಡಲ್ ಅನ್ನುತ್ತಿದ್ದರು. ಕೆಎ 32, ನಮ್ಮ ಕಲಬುರಗಿ ನಂಬರ್. ಆರ್‌ಸಿ ಪುಸ್ತಕದ ಅಕ್ಷರ ಬೆವರಿಗೆ, ಮಳೆಗೆ ಅಳಿಸಿ ಹೋಗಿತ್ತು. ಆದರೆ ನಮ್ಮ ಗಡಿ ಊರುಗಳಲ್ಲಿ ಪ್ಲೇಟ್ ನಂಬುವ ಹಾಗಿಲ್ಲ. ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ಹಳೇ ಗಾಡಿ ತಂದರೆ ಇಲ್ಲಿ ಹೊಸ ನಂಬರ್ ಕೊಡುತ್ತಾರೆ. ಪ್ಲೇಟ್ ಹೊಸದು, ಗಾಡಿ ಹಳೇದು. ಬೀದರ್‌ನ ಕೆಎ 38 ಗಾಡಿಗಳದ್ದೂ ಇದೇ ಕಥೆ.

ಕಳೆದ ವರ್ಷ ಗಾಡಿಯನ್ನು ನಮ್ಮ ಮಿಸ್ತ್ರಿ ಚಾಚಾ ಹತ್ತಿರ ಒಯ್ದೆ. ಎಪ್ಪತ್ತು ದಾಟಿದ ಕೈ ಅವರದು. 'ಬಣ್ಣಾ ನೋಡಬ್ಯಾಡ ಬೇಟಾ, ಬಣ್ಣಾ ಸುಳ್ಳ ಹೇಳ್ತದ' ಅಂದರು. ಹ್ಯಾಂಡಲ್ ಕೆಳಗೆ ಫ್ರೇಮಿನ ಕುತ್ತಿಗೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರು. ಮೇಲೆ ಚಾಕ್‌ಪೀಸ್ ತಿಕ್ಕಿದರು. ಕಪ್ಪು ಕಬ್ಬಿಣದೊಳಗಿಂದ ಚಾಸಿ ನಂಬರಿನ ಬಿಳಿ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ನನಗೆ ಮೈ ಜುಂ ಅಂತು. ಆಮೇಲೆ ಇಂಜಿನ್ ಮೇಲಿನ ನಂಬರ್. ಆಮೇಲೆ ಸ್ಕ್ರೂಗಳು. ಜಪಾನಿ ಅಳತೆಯ ಕ್ರಾಸ್ ಸ್ಕ್ರೂಗೆ ಎಷ್ಟೋ ಸಲ ತಲೆ ಮೇಲೆ ಒಂದು ಸಣ್ಣ ಚುಕ್ಕಿ ಇರುತ್ತದೆ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ತಿರುವಿದರೆ ಅದರ ತಲೆ ಕಿತ್ತು ಹೋಗುತ್ತದೆ. ಮೊದಮೊದಲ ಆರ್‌ಎಕ್ಸ್ ಗಾಡಿಗಳ ಭಾಗಗಳು ಜಪಾನಿನಿಂದಲೇ ಬಂದು ಇಲ್ಲಿ ಜೋಡಣೆಯಾದವು. ಹಾಗಂತ ಮಾರುವವರೆಲ್ಲ ತಮ್ಮದು ಜಪಾನ್ ಇಂಜಿನ್ ಅಂತಲೇ ಹೇಳುತ್ತಾರೆ. ಬಿಚ್ಚಿ ನೋಡದೆ ನಂಬಬೇಡಿ.

ಕೊನೆಗೆ ಚಾಚಾ ಹಿಂದಿನ ಲೈಟಿನ ಕೆಂಪು ಮುಚ್ಚಳ ಕಳಚಿ ಒಳಮೈ ತೋರಿಸಿದರು. ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ಕಿನಲ್ಲಿ ಕೆಲವು ಸಲ ಗಡಿಯಾರದಂಥ ಪುಟ್ಟ ವೃತ್ತ ಇರುತ್ತದೆ. ಸುತ್ತ ತಿಂಗಳು, ನಡುವೆ ವರ್ಷ, ಒಂದು ಬಾಣದ ಗುರುತು. ನಡುವೆ 87 ಅಂತ ಇತ್ತು. ಒಂದೇ ಭಾಗ ನೋಡಿ ತೀರ್ಮಾನ ಮಾಡಬಾರದು, ಯಾರಾದರೂ ಬದಲಿಸಿರಬಹುದು ಅಲ್ವಾ? ಆದರೂ ಚಾಚಾ, '87, ಇಲ್ಲಂದ್ರ 88' ಅಂದರು.

ಇಲ್ಲಿ ಒಂದು ಮಾತು ಕೈಮುಗಿದು ಕೇಳಿಕೊಳ್ಳುತ್ತೇನೆ. ಹಳೇ ಗಾಡಿಯನ್ನು ಹೊಸದರ ಹಾಗೆ ಮಾಡಿಸುವ ಹುಮ್ಮಸ್ಸು ಈಗ ಜಾಸ್ತಿಯಾಗಿದೆ. ನನಗೆ ಗೊತ್ತಿರುವ ಒಬ್ಬ ಹುಡುಗ ತನ್ನ ಅಪ್ಪನ ಕೆಬಿ 100 ಅನ್ನು ಬಣ್ಣಕ್ಕೆ ಕೊಟ್ಟ. ಬಣ್ಣದವರು ಫ್ರೇಮಿನ ಕುತ್ತಿಗೆಗೆ ಗ್ರೈಂಡರ್ ಹಿಡಿದು, ಪುಟ್ಟಿ ತುಂಬಿ, ಕನ್ನಡಿಯಂತೆ ನುಣುಪು ಮಾಡಿಕೊಟ್ಟರು. ನಂಬರ್ ಹೋಯಿತು. ಗಾಡಿಯನ್ನು ತನ್ನ ಹೆಸರಿಗೆ ಬದಲಿಸಲು ಆರ್‌ಟಿಓ ಕಚೇರಿಗೆ ಹೋದಾಗ ಪೆನ್ಸಿಲ್ ತಿಕ್ಕಿ ಪ್ರಿಂಟ್ ತೆಗೆಯಲು ಅಲ್ಲಿ ಏನೂ ಉಳಿದಿರಲಿಲ್ಲ. ಗಾಡಿ ಈಗಲೂ ಮನೆಯ ಪಡಸಾಲೆಯಲ್ಲಿ ನಿಂತಿದೆ. ಬಣ್ಣ ಹಚ್ಚಿಸಿ, ಬೇಡ ಅನ್ನುವುದಿಲ್ಲ. ಆದರೆ ಆ ಅಂಕಿಗಳ ಮೇಲೆ ಕೈ ಇಡಬೇಡಿ. ಹಳೇ ಸ್ಕ್ರೂ ಎಸೆಯಬೇಡಿ. ಹಳೇ ಕಾಗದ ಹರಿಯಬೇಡಿ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಮೊದಲ ಆರ್‌ಎಕ್ಸ್ 100ಗಳಿಗೆ ಆ ದಿನ ಬರುವುದು 2035ರಲ್ಲಿ. ಅಲ್ಲಿವರೆಗೆ ಕಾಯುವ ಗಾಡಿಗೆ ತನ್ನ ಹುಟ್ಟಿನ ಸಾಕ್ಷಿ ಬೇಕೇ ಬೇಕು.

ನಮ್ಮ ಸಾಕ್ಷಿ ಸಿಕ್ಕಿದ್ದು ತೊಗರಿ ಲೆಕ್ಕದ ಹಳೇ ಟ್ರಂಕಿನಲ್ಲಿ. ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಅಡ್ಡಿಯಿಲ್ಲ ಅಂತ ಸೊಲ್ಲಾಪುರದ ಆರ್‌ಟಿಓ ಕಚೇರಿ ಕೊಟ್ಟ ಎನ್‌ಒಸಿಯ ಪ್ರತಿ. ಹಳದಿಯಾಗಿ, ಮಡಿಕೆಯಲ್ಲಿ ಹರಿದಿತ್ತು. ತಯಾರಾದ ವರ್ಷ 1987. ಚಾಚಾ ಹೇಳಿದ್ದು ಸರಿಯಾಗಿತ್ತು. ಓಡಿ ಹೋಗಿ ಕಾಕಾಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. 'ಹಂಗಾದ್ರ ನಾ ತರೋಕಿಂತ ಮುಂಚೆ ಒಂಬತ್ತ್ ವರ್ಷ ಇದು ಎಲ್ಲೆಲ್ಲಿ ತಿರಗ್ಯಾಡ್ಯದೋ ಏನೋ' ಅಂದರು.

ಆ ಕಾಗದದಲ್ಲಿ ಮೊದಲ ಮಾಲೀಕರ ಹೆಸರಿದೆ, ಸೊಲ್ಲಾಪುರದ ಒಂದು ಗಲ್ಲಿಯ ವಿಳಾಸವೂ ಇದೆ. ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ, ಬಿಸಿಲು ಏರುವ ಮೊದಲು, ಬೆಳಗಿನ ಜಾವ ಹೊರಡುವುದು ಅಂತ ಮಾತಾಗಿದೆ. ಗಾಡಿ ನಾನು ಹೊಡೆಯುತ್ತೇನೆ. ಕಾಕಾ ಹಿಂದೆ ಕೂರುತ್ತಾರೆ.

ನಮಸ್ಕಾರ.