ಗಾಡಿ ಏನು ಹೊತ್ತಿತ್ತು ಅಂತ ಕೇಳಿ

ಕೇಳುಗರಿಗೆ ನಮಸ್ಕಾರ.

ಇವತ್ತು ಹಳೇ ಗೂಡ್ಸ್ ಗಾಡಿ ಕೊಳ್ಳಲು ಹೊರಟವರ ಹತ್ತಿರ ಒಂದಿಷ್ಟು ಮಾತಾಡಬೇಕು. ತರಕಾರಿ ವ್ಯಾಪಾರ, ನೀರಿನ ಕ್ಯಾನ್, ಶಾಮಿಯಾನ, ಮನೆ ಸಾಮಾನು ಸಾಗಿಸುವ ಕೆಲಸ, ಯಾವುದೇ ಇರಲಿ, ಶುರು ಮಾಡುವವರ ಮೊದಲ ಗಾಡಿ ಬಹುಮಟ್ಟಿಗೆ ಸೆಕೆಂಡ್ ಹ್ಯಾಂಡೇ. ಅದರಲ್ಲೂ ನಮ್ಮ ಊರುಗಳಲ್ಲಿ ಜಾಸ್ತಿ ಕಾಣುವುದು ಟಾಟಾ ಏಸ್. 2005ರಲ್ಲಿ ಬಂದ ಗಾಡಿ. ಹಳೇ ಮಾಡೆಲ್ ಆದರೆ ಎರಡು ಸಿಲಿಂಡರ್‌ನ 702 ಸಿಸಿ ಡೀಸೆಲ್ ಇಂಜಿನ್, 16 ಎಚ್‌ಪಿ. ಹೊರುವ ಭಾರ 750 ಕೆಜಿ. ಅಂದರೆ 50 ಕೆಜಿಯ ಸಿಮೆಂಟ್ ಮೂಟೆ 15, ಅಷ್ಟೇ. ಆದರೆ 15 ಮೂಟೆಗೆ ನಿಲ್ಲಿಸಿದವರನ್ನು ಯಾರಾದರೂ ನೋಡಿದ್ದೀರಾ?

ಗಾಡಿ ನೋಡಲು ಹೋದವರು ಮೊದಲು ಮೀಟರ್ ನೋಡುತ್ತಾರೆ. ಎಷ್ಟು ಓಡಿದೆ ಅಂತ. ಮೀಟರ್ ತಿರುಗಿಸುವುದು ದೊಡ್ಡ ವಿದ್ಯೆಯೇನಲ್ಲ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ: ಈ ಗಾಡಿ ಇಷ್ಟು ದಿನ ಏನು ಹೊತ್ತಿತ್ತು? ಉತ್ತರ ಸಿಕ್ಕರೆ ಮುಂದೆ ಯಾವ ಖರ್ಚು ಬರುತ್ತದೆ ಅಂತ ಅರ್ಧ ಗೊತ್ತಾದ ಹಾಗೆ.

ಬ್ರೆಡ್ಡು, ಹಾಲು, ಅಂಗಡಿ ಲೈನ್ ಸಪ್ಲೈ ಮಾಡಿದ ಗಾಡಿ ಅಂದುಕೊಳ್ಳಿ. ಭಾರ ಕಡಿಮೆ, ಆದರೆ ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸಬೇಕು, ಮತ್ತೆ ಎತ್ತಬೇಕು. ಇಂಜಿನ್ ಚೆನ್ನಾಗಿರಬಹುದು. ಕ್ಲಚ್ ಪ್ಲೇಟು, ಬ್ರೇಕ್ ಲೈನರ್, ಸೆಲ್ಫ್ ಮೋಟಾರ್ ಸವೆದಿರುತ್ತವೆ. ಕ್ಲಚ್ ಪರೀಕ್ಷೆ ಸುಲಭ. ಸಮತಟ್ಟಾದ ಜಾಗ, ಮುಂದೆ ಯಾರೂ ಇರಬಾರದು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನವಾಗಿ ಬಿಡಿ. ಇಂಜಿನ್ ಗಕ್ಕನೆ ಆಫ್ ಆಗಬೇಕು. ಆಫ್ ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಗೇರ್‌ಬಾಕ್ಸ್ ಇಳಿಸುವ ಕೆಲಸ ಅದು. ಇಳಿಸಿದ ಮೇಲೆ ಪ್ಲೇಟ್ ಒಂದನ್ನೇ ಹಾಕಿ ದುಡ್ಡು ಉಳಿಸಬೇಡಿ. ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಎರಡನ್ನೂ ಜೊತೆಗೇ ಹಾಕಿಸಿ. ಇಲ್ಲದಿದ್ದರೆ ಅದೇ ಕೂಲಿಯನ್ನು ಮತ್ತೊಮ್ಮೆ ಕೊಡುತ್ತೀರಿ.

ಕರಾವಳಿಯಲ್ಲಿ ಮೀನು ಹೊತ್ತ ಗಾಡಿ ಬೇರೆಯೇ ಕಥೆ. ಮಂಜುಗಡ್ಡೆ ಕರಗಿದ ಉಪ್ಪುನೀರು ದಿನವೂ ಹಿಂದಿನ ಫ್ಲೋರ್‌ನಿಂದ ಚಾಸಿಸ್ ಮೇಲೆ ಸೋರುತ್ತದೆ. ಮೇಲಿಂದ ನೋಡಿದರೆ ಹೊಸ ಪೇಂಟ್, ಫಳಫಳ. ಕೆಳಗೆ ಮಲಗಿ ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಸ್ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದ ಜಾಗ ಡಬ್ ಅನ್ನುತ್ತದೆ, ಪೇಂಟಿನ ಪದರ ಉದುರುತ್ತದೆ. ಅಂಥ ಗಾಡಿಯನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನುತ್ತೇನೆ. ಇಂಜಿನ್ ಕೆಟ್ಟರೆ ಕಟ್ಟಬಹುದು, ಚಾಸಿಸ್‌ಗೆ ತೇಪೆ ಹಾಕಿದರೆ ಎಷ್ಟು ದಿನ?

ಇಟ್ಟಿಗೆ, ಟೈಲ್ಸ್, ಸಿಮೆಂಟ್ ಹೊತ್ತ ಗಾಡಿ ಹಿಂದಿನಿಂದಲೇ ಗುರುತು ಸಿಗುತ್ತದೆ. ಹಿಂದಿನ ಸ್ಪ್ರಿಂಗಿನ ಕಮಾನು ಪಟ್ಟೆಗಳನ್ನು ಎಣಿಸಿ. ಕಂಪನಿ ಕೊಟ್ಟಿದ್ದಕ್ಕಿಂತ ಒಂದೆರಡು ಜಾಸ್ತಿ ಇದ್ದರೆ ಓವರ್‌ಲೋಡ್ ಹೊಡೆದಿದ್ದಾರೆ ಅಂತಲೇ ಲೆಕ್ಕ. ಪಟ್ಟೆ ಸೇರಿಸಿದ ಮಾತ್ರಕ್ಕೆ ಗಾಡಿಯ ಶಕ್ತಿ ಹೆಚ್ಚುವುದಿಲ್ಲ. ಕೂರುವ ಗಾಡಿ ಕೂರದೆ ನಿಲ್ಲುತ್ತದೆ ಅಷ್ಟೇ, ಏಟು ಹೋಗಿ ಹಿಂದಿನ ಆಕ್ಸಲ್ ಹೌಸಿಂಗ್, ಬೇರಿಂಗು, ಟೈರಿಗೆ ಬೀಳುತ್ತದೆ. ಓಡಿಸುವಾಗ ಹಿಂದಿನಿಂದ ಗುಂಯ್ ಅನ್ನುವ ಸದ್ದು ಸ್ಪೀಡಿನ ಜೊತೆ ಏರಿದರೆ ಕ್ರೌನ್ (ಹಿಂದಿನ ಆಕ್ಸಲ್ ಒಳಗಿನ ದೊಡ್ಡ ಗೇರು) ಅಥವಾ ಬೇರಿಂಗ್ ಕಡೆ ಅನುಮಾನ ಪಡಿ. ಫಸ್ಟ್‌ನಿಂದ ರಿವರ್ಸ್‌ಗೆ ಹಾಕಿದಾಗ ಟಕ್ ಅಂದರೆ ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟ್‌ನ ಕ್ರಾಸ್ ಸವೆದಿರಬಹುದು. ಇದು ಸಣ್ಣ ಖರ್ಚು, ಆದರೆ ದಾರಿಯಲ್ಲಿ ಕಳಚಿದರೆ ಸಣ್ಣದಲ್ಲ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದರೆ ಚಕ್ರ ಎಡಬಲ ತಿರುಗಲು ಆಧಾರವಾದ ಕಿಂಗ್ ಪಿನ್ನೋ ವೀಲ್ ಬೇರಿಂಗೋ ಹೋಗಿದೆ. ಕಿಂಗ್ ಪಿನ್‌ಗೆ ಬೇಕಾಗಿರುವುದು ಆಗಾಗ ಒಂದಿಷ್ಟು ಗ್ರೀಸು. ಆಯುಧ ಪೂಜೆಗೆ ಕುಂಬಳಕಾಯಿ ಒಡೆಯುವುದನ್ನು ನಾವು ಮರೆಯುವುದಿಲ್ಲ, ಗ್ರೀಸ್ ಹೊಡೆಸುವುದನ್ನು ಮಾತ್ರ ವರ್ಷಗಟ್ಟಲೆ ಮರೆಯುತ್ತೇವೆ, ಅಲ್ವಾ?

ಇನ್ನು ಇಂಜಿನ್. ಗಾಡಿ ನೋಡಲು ಬೆಳಿಗ್ಗೆ ಬೇಗ ಹೋಗಿ. ಈ ಗಾಡಿಗಳಲ್ಲಿ ಇಂಜಿನ್ ಇರುವುದು ಸೀಟಿನ ಕೆಳಗೆ. ಸೀಟು ಎತ್ತಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಯಾಕೆ ಅಂತ ಯೋಚಿಸಿ. ತಣ್ಣಗಿದ್ದರೆ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ. ಬಿಸಿ ಇಂಜಿನ್‌ನಲ್ಲಿ ಮಾತ್ರ ಮುಚ್ಚಳ ಮುಟ್ಟಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ. ನೀರಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಕೆಳಗಿನ ಸೀಲು) ಹೋಗಿರುವ ಲಕ್ಷಣ. ಆಯಿಲ್ ಮುಚ್ಚಳದ ಒಳಗೆ ಕಾಫಿ ನೊರೆಯಂಥದ್ದು ಅಂಟಿದ್ದರೂ ನೀರು ಆಯಿಲ್‌ಗೆ ಸೇರಿದೆಯಾ ಅಂತ ನೋಡಿಸಬೇಕು. ಇಂಜಿನ್ ಓಡುವಾಗ ಆಯಿಲ್ ಮುಚ್ಚಳ ಬಿಚ್ಚಿದರೆ ಪಫ್ ಪಫ್ ಅಂತ ಹೊಗೆ ಉಗುಳುತ್ತಿದೆಯಾ? ಅದಕ್ಕೆ ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. ರಿಂಗ್, ಬೋರ್ ಸವೆದಿದೆ, ಇಂಜಿನ್ ಕೆಲಸ ಹತ್ತಿರದಲ್ಲಿದೆ ಅಂತ.

ಇಂಜಿನ್ ಸುಡಲು ದೊಡ್ಡ ಕಾರಣ ನೀರು. ಕೂಲೆಂಟ್ ಬದಲು ಬೋರ್‌ವೆಲ್‌ನ ಗಡಸು ನೀರು ಸುರಿಯುತ್ತಾರೆ. ಪಾತ್ರೆಯಲ್ಲಿ ಕಟ್ಟುವ ಬಿಳಿ ಹಕ್ಕಳೆ ರೇಡಿಯೇಟರ್ ಕೊಳವೆಯಲ್ಲೂ ಕಟ್ಟುತ್ತದೆ. ಆಮೇಲೆ ಹೀಟ್ ಆಗುತ್ತದೆ ಅಂತ ಇಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರ್‌ಗೆ ನೀರು ಬಿಡುವ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಎಸೆಯುತ್ತಾರೆ. ಇದು ಅನೇಕ ಗ್ಯಾರೇಜುಗಳಲ್ಲಿ ನಡೆಯುವ ವೈದ್ಯ, ನನಗಂತೂ ಒಪ್ಪಿಗೆ ಇಲ್ಲ. ಕಾರಣ ಹಾಗೇ ಉಳಿಯುತ್ತದೆ, ಜೊತೆಗೆ ಇಂಜಿನ್ ಬೇಗ ಬಿಸಿಯೇರದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ. ವಾಲ್ವ್‌ಗಳನ್ನು ಪಿಸ್ಟನ್ ತಾಳಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಅದನ್ನು ಯಾವಾಗ ಬದಲಿಸಿದಿರಿ ಅಂತ ಕೇಳಿ. ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ಇಟ್ಟುಕೊಂಡು ಆ ಖರ್ಚನ್ನು ರೇಟಿನಲ್ಲಿ ಕಳೆಯಿರಿ. ಬೆಲ್ಟ್ ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯಬಹುದು.

ಈಗ ದುಡ್ಡಿನ ವಿಷಯ. ಕೊಂಡ ಬೆಲೆ ಒಂದು ಸಲದ್ದು, ಸಾಕುವ ಖರ್ಚು ದಿನದ್ದು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಂದನ್ನೇ ನೋಡಿ. ಏಳೂವರೆ ಟನ್ ಒಳಗಿನ ಬಾಡಿಗೆ ಗೂಡ್ಸ್ ಗಾಡಿಗೆ 2022ರ ದರಪಟ್ಟಿಯಲ್ಲಿ ವರ್ಷಕ್ಕೆ 16,049 ರೂಪಾಯಿ, ಮೇಲೆ ತೆರಿಗೆ. ಮುಕ್ಕಾಲು ಟನ್ ಹೊರುವ ಪುಟ್ಟ ಗಾಡಿಗೂ ಅದೇ ದರ! ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಶುಲ್ಕದ ಜೊತೆಗೆ ಅದಕ್ಕೆ ಮುಂಚಿನ ಟಿಂಕರಿಂಗ್, ಪೇಂಟು, ಲೈಟು, ರಿಫ್ಲೆಕ್ಟರ್ ಟೇಪಿನ ಖರ್ಚೂ ಇರುತ್ತದೆ. ಆ ದಿನಗಳ ಬಾಡಿಗೆಯೂ ಹೋಗುತ್ತದೆ.

ನನ್ನ ಲೆಕ್ಕ ಹೀಗೆ. ಡೀಸೆಲ್, ಕಂತು ಬಿಟ್ಟು, ಓಡಿದ ಪ್ರತಿ ಕಿಲೋಮೀಟರಿಗೆ ಎರಡು ರೂಪಾಯಿ ಗಾಡಿಯ ಹೆಸರಲ್ಲಿ ಎತ್ತಿಡಿ. ದಿನಕ್ಕೆ 80 ಕಿಲೋಮೀಟರ್, ತಿಂಗಳಿಗೆ 26 ದಿನ ಓಡಿದರೆ 4,160 ರೂಪಾಯಿ. ವರ್ಷಕ್ಕೆ ಹತ್ತಿರ ಹತ್ತಿರ 50 ಸಾವಿರ. ಇನ್ಶೂರೆನ್ಸ್, ಎಫ್‌ಸಿ, ಟೈರು, ಆಯಿಲ್, ಕ್ಲಚ್ಚು ಎಲ್ಲ ಇದರಲ್ಲೇ ಆಗಬೇಕು. ಇಷ್ಟು ಎತ್ತಿಡಲು ನಿಮ್ಮ ಬಾಡಿಗೆ ಸಾಲುವುದಿಲ್ಲ ಅಂದರೆ ಗಾಡಿ ಕೊಳ್ಳುವ ಮುಂಚೆಯೇ ಆ ಲೈನ್ ಬಿಡುವುದು ಒಳ್ಳೆಯದು. ರೀಬಟನ್ ಟೈರ್ (ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು) ಹಾಕಿ ಉಳಿಸುತ್ತೇನೆ ಅನ್ನುವವರು ಹಿಂದಿನ ಚಕ್ರಕ್ಕೆ ಹಾಕಿಕೊಳ್ಳಲಿ, ಮುಂದಿನದಕ್ಕೆ ಬೇಡ.

ಕಾಗದಪತ್ರ ಬೇಗ ಮುಗಿಸುತ್ತೇನೆ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಫೈನಾನ್ಸ್‌ನವರ ಎನ್‌ಓಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಹಳೇ ಚಲನ್ ಬಾಕಿ ಆನ್‌ಲೈನ್‌ನಲ್ಲಿ ನೋಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಆರ್‌ಟಿಓದಲ್ಲಿ ಹೆಸರು ಬದಲಿಸಿ. ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ನಾಳೆ ನಾಡಿದ್ದು ಅಂತ ಬಿಟ್ಟು ಮಧ್ಯೆ ಎಲ್ಲಾದರೂ ಗುದ್ದಿದರೆ, ಹಳೇ ಮಾಲೀಕರೂ ನೀವೂ ಇಬ್ಬರೂ ಕೋರ್ಟಿಗೆ ಅಲೆಯಬೇಕಾಗುತ್ತದೆ.

ನಮಸ್ಕಾರ.