ಘಟ್ಟದ ಮರಳು, ಕಡಲಿನ ದಂಡೆ

ಕೇಳುಗರಿಗೆ ನಮಸ್ಕಾರ.

ಸಕಲೇಶಪುರದ ನಮ್ಮ ಸೀಮೆಯಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ತೋಟದ ತಿರುವಿನಿಂದ ಬಿಟ್ಟೂ ಬಿಡದೆ ಹಾರ್ನ್ ಕೇಳಿಸಿದರೆ ಮೀನಿನ ಗಾಡಿ ಬಂತೆಂದೇ ಅರ್ಥ. ಮಂಗಳೂರಿನ ಧಕ್ಕೆಯಿಂದ ಶಿರಾಡಿ ಘಟ್ಟ ಹತ್ತಿ, ಐಸ್ ಪೆಟ್ಟಿಗೆಯಲ್ಲಿ ಮಲಗಿ ಬಂದ ಮೀನು. ನಮ್ಮ ಅಮ್ಮ ತಟ್ಟೆ ಹಿಡಿದು ಅಂಗಳಕ್ಕೆ ಬಂದರೆ ಕೇಳುವುದು ಒಂದೇ ಪ್ರಶ್ನೆ: ‘ಬೂತಾಯಿ ಇದೆಯೇನಪ್ಪಾ?’ ಕೆಲವು ವರ್ಷಗಳ ಹಿಂದೆ ಅದಕ್ಕೆ ‘ಇಲ್ಲಮ್ಮಾ’ ಎಂಬ ಉತ್ತರವೇ ಹೆಚ್ಚಾಯಿತು. ಬಂದರೂ ಬೆರಳುದ್ದದ ಮರಿಗಳು. ‘ಮುಳ್ಳು ಬಿಟ್ಟರೆ ಇದರಲ್ಲಿ ಏನಿದೆ’ ಎಂದು ಅಮ್ಮ ಗೊಣಗಿದರೆ, ‘ಕಡಲಿನಲ್ಲೇ ಇಲ್ಲದ್ದನ್ನು ನಾನೆಲ್ಲಿಂದ ತರಲಿ ಅಮ್ಮಾ’ ಎನ್ನುತ್ತಿದ್ದ ಗಾಡಿಯವನು. ಬೆಲೆ ಏರಿಸುವ ಉಪಾಯವಿದು ಎಂದೇ ನಾನು ತಿಳಿದಿದ್ದೆ. ಅವನು ಹೇಳಿದ್ದು ನಿಜವಾಗಿತ್ತು.

ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1947ರಲ್ಲಿ ಆರಂಭವಾದದ್ದು. ಕೇಂದ್ರ ಕಚೇರಿ ಕೊಚ್ಚಿಯಲ್ಲಿದೆ, ಮಂಗಳೂರಿನಲ್ಲೂ ಒಂದು ಶಾಖೆಯಿದೆ. ಅದರ ಸಿಬ್ಬಂದಿ ಬಂದರುಗಳಲ್ಲಿ ನಿಂತು ಯಾವ ಮೀನು ಎಷ್ಟು ಇಳಿಯಿತು ಎಂದು ಬರೆದುಕೊಳ್ಳುತ್ತಾರೆ. ಬೇಸರ ಹಿಡಿಸುವ ಕೆಲಸ, ಆದರೆ ಆ ಲೆಕ್ಕವಿಲ್ಲದಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಲಕ್ಷ ಎಂಬ ಪದವೇ ಲೆಕ್ಕದಿಂದ ಬಿದ್ದುಹೋಯಿತು ನೋಡಿ.

ಬೂತಾಯಿಯ ಹಣೆಬರಹ ಮುಂಗಾರಿಗೆ ಗಂಟುಬಿದ್ದಿದೆ. ಮಳೆಗಾಲದ ಗಾಳಿ ಕಡಲಿನ ಮೇಲ್ಪದರದ ನೀರನ್ನು ದೂಡಿದಾಗ ತಳದ ತಣ್ಣೀರು ಮೇಲೇಳುತ್ತದೆ. ಅದರ ಸಾರದಿಂದ ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ, ಮೀನು ಅದನ್ನು ಮೇಯುತ್ತದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿರುವುದರಿಂದ ಈ ಊಟದ ಸಮಯವೇ ಏರುಪೇರಾಗುತ್ತಿದೆ. ಅದರ ಜೊತೆಗೆ ಮರಿಗಳನ್ನೂ ಬಲೆಯಲ್ಲಿ ಗೋರಿದರೆ ಮುಂದಿನ ವರ್ಷಕ್ಕೆ ಉಳಿಯುವುದೇನು? ಅದಕ್ಕೇ ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂಬ ನಿಯಮ ಬಂತು. ಸಂಶೋಧಕರ ಸಲಹೆ ಕಾನೂನಾಗುವುದು ಅಪರೂಪ. ಅದು ಎಲ್ಲ ಬಲೆಗಳಿಗೂ ತಲುಪಿತೇ ಎಂಬುದು ಬೇರೆ ಮಾತು.

ಮೀನಿನ ಮಾತು ಹಾಗಿರಲಿ, ದಂಡೆಯ ಮಾತಿಗೆ ಬರುತ್ತೇನೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ನೋಡಿದಾಗ ದೇಶದ ಕಡಲ ದಂಡೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕೊರೆದುಹೋಗುತ್ತಿರುವುದು ಕಂಡುಬಂತು. ಕಡಲ್ಕೊರೆತ ಎಂದೊಡನೆ ಉಳ್ಳಾಲದ ಹೆಸರು ನೆನಪಾಗುತ್ತದೆ. ಅಲ್ಲಿ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಲಾರಿಗಟ್ಟಲೆ ಬಂಡೆ ತಂದು ಸುರಿದರು. ಅಲೆ ಬಂಡೆಗೆ ಬಡಿದು ಹಿಂತಿರುಗುವಾಗ ಬುಡದ ಮರಳನ್ನು ಎಳೆದೊಯ್ಯುತ್ತದೆ, ಬಂಡೆ ಕುಸಿಯುತ್ತದೆ, ಮುಂದಿನ ವರ್ಷ ಮತ್ತೆ ಲಾರಿ ಬರುತ್ತದೆ. ಗೋಡೆ ಮುಗಿದ ಕಡೆಯಿಂದ ಪಕ್ಕದ ಊರಿನ ಕೊರೆತ ಶುರುವಾಗುತ್ತದೆ. ಆಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ, ದಡದಲ್ಲಿ ಗೋಡೆ ಕಟ್ಟುವ ಬದಲು ಕಡಲಿನೊಳಗೇ ದಿಬ್ಬಗಳನ್ನು ಕಟ್ಟಿ ಅಲೆಯ ಸೊಕ್ಕನ್ನು ದೂರದಲ್ಲೇ ಮುರಿಯುವ ಕ್ರಮ ಬಂತು. ಅಲೆಯ ಜೊತೆ ಗುದ್ದಾಡುವುದಕ್ಕಿಂತ ಇದು ವಾಸಿ.

ಆದರೆ ದಂಡೆಗೆ ಮರಳು ಬರುವುದಾದರೂ ಎಲ್ಲಿಂದ? ಬಿಸಿಲೆಯ ಕಡೆ ಹೋದವರು ನೋಡಿರಬಹುದು. ಅಲ್ಲಿನ ಏಣಿನ ಈಚೆ ಬಿದ್ದ ಮಳೆ ಪೂರ್ವಕ್ಕೆ ಹರಿದು ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಆಚೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ. ನಮ್ಮ ತಾಲ್ಲೂಕಿನ ಎತ್ತಿನಹೊಳೆ, ಕೆಂಪುಹೊಳೆಗಳ ನೀರು ಗುಂಡ್ಯದ ದಾರಿಯಲ್ಲಿ ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ಮಂಗಳೂರಿನ ಅಳಿವೆ ಬಾಗಿಲಲ್ಲಿ ಕಡಲಿಗೆ ಇಳಿಯುತ್ತದೆ. ನೇತ್ರಾವತಿ ಹುಟ್ಟುವುದೂ ಕುದುರೆಮುಖದ ಕಡೆಯ, ಚಿಕ್ಕಮಗಳೂರು ಜಿಲ್ಲೆಯ ಗುಡ್ಡಗಳಲ್ಲೇ. ಘಟ್ಟದ ಕಲ್ಲು ಸವೆದು ಸವೆದು, ಹೊಳೆಯಲ್ಲಿ ಉರುಳಿ, ದಂಡೆಯ ಮರಳಾಗುತ್ತದೆ. ನಡುವೆ ಅಣೆಕಟ್ಟು ತಡೆದು ನಿಲ್ಲಿಸಿಕೊಂಡರೆ, ಹೊಳೆಯಿಂದ ಲಾರಿಗಳು ತುಂಬಿಕೊಂಡು ಹೋದರೆ, ಕಡಲಿಗೆ ಸಲ್ಲಬೇಕಾದ ಪಾಲು ಸಲ್ಲುವುದಿಲ್ಲ. ಹೊಳೆಯಿಂದ ಎಷ್ಟು ಬಂತು, ಅಲೆ ಎಷ್ಟು ಒಯ್ದಿತು ಎಂಬ ಮರಳಿನ ಜಮಾ-ಖರ್ಚನ್ನು ಕರಾವಳಿಯ ಸಂಶೋಧಕರು ಬರೆಯುತ್ತಾರೆ. ಆ ಪುಸ್ತಕದ ಜಮಾ ಪುಟ ಇರುವುದು ನಮ್ಮ ಊರುಗಳಲ್ಲಿ.

ಕಡಲಿನೊಡನೆ ಹೊಂದಿಕೊಂಡು ಬಾಳುವುದನ್ನು ಎಲ್ಲಕ್ಕಿಂತ ಚೆನ್ನಾಗಿ ಕಲಿತವರು ಕುಮಟಾದ ಅಘನಾಶಿನಿ ಅಳಿವೆಯ ರೈತರು ಎಂದು ನನ್ನ ಎಣಿಕೆ. ಭರತ ಬಂದಾಗ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಅವರು ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮುಂಗಾರು ಸುರಿದು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬೀಜ ಚೆಲ್ಲುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ. ನೆರೆ ಬಂದು ಕೆಲವು ದಿನ ಪೈರು ಮುಳುಗಿದರೂ ಸಾಯುವುದಿಲ್ಲ. ಕಟಾವಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಆಮೇಲೆ ತೂಬಿನ ಹಲಗೆ ಎತ್ತಿ ಕಡಲ ನೀರನ್ನು ಒಳಗೆ ಬಿಟ್ಟುಕೊಂಡರೆ ಅದರೊಡನೆ ಬಂದ ಸಿಗಡಿ, ಮೀನಿನ ಮರಿಗಳು ಆ ಕೊಳೆತ ಹುಲ್ಲಿನ ನಡುವೆ ಬೆಳೆಯುತ್ತವೆ. ಒಂದೇ ಗದ್ದೆಯಲ್ಲಿ ಅನ್ನವೂ ಅದರ ಸಾರೂ! ನಮ್ಮ ಕಾಫಿಯ ನೆರಳಿಗೆ ಬೆಳೆಸಿದ ಮರಕ್ಕೇ ಮೆಣಸಿನ ಬಳ್ಳಿ ಹಬ್ಬಿಸುವ ನಾವು ಈ ಲೆಕ್ಕಾಚಾರಕ್ಕೆ ತಲೆದೂಗದೆ ಇರಲಾರೆವು.

ನಡುವೆ ಸಿಗಡಿಗೆ ಒಳ್ಳೆಯ ಬೆಲೆ ಬಂದಾಗ ಭತ್ತ ಬಿಟ್ಟು ವರ್ಷವಿಡೀ ಉಪ್ಪುನೀರು ನಿಲ್ಲಿಸಿದವರೂ ಇದ್ದರು. ರೋಗ ಬಿದ್ದು ಸಿಗಡಿಯೂ ಹೋಯಿತು, ಗದ್ದೆಯೂ ಹಾಳಾಯಿತು. ಕಗ್ಗದ ಬೀಜವನ್ನು ಬಿಡದೆ ಉಳಿಸಿಕೊಂಡ ಮನೆಗಳು ಕೆಲವೇ. ಆ ಬೀಜದ ಬೆಲೆ ಏನೆಂದು ಕೇರಳದ ಪೊಕ್ಕಾಳಿ ಭತ್ತದಿಂದ ತಿಳಿಯುತ್ತದೆ. ಅದೂ ಉಪ್ಪುನೀರಿನ ಭತ್ತವೇ. ಉಪ್ಪು ತಾಳುವ ಗುಣ ಅದರ ಯಾವ ವರ್ಣತಂತುವಿನ ಯಾವ ಭಾಗದಲ್ಲಿದೆ ಎಂದು ವಿಜ್ಞಾನಿಗಳು ಗುರುತಿಸಿ, ಅದಕ್ಕೆ ‘ಸಾಲ್ಟಾಲ್’ ಎಂದು ಹೆಸರಿಟ್ಟು, ತಳಿಗಳನ್ನು ಕೂಡಿಸಿ ಬೇರೆ ಭತ್ತಗಳಿಗೂ ತಂದಿದ್ದಾರೆ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಬಿರುದು ಬಂದದ್ದು ಸಂತೋಷ, ಆದರೆ ತೂಬಿನ ಹಲಗೆ ಯಾವ ಭರತಕ್ಕೆ ಎತ್ತಬೇಕು ಎಂಬುದು ಪಟ್ಟಿಯಲ್ಲಿ ಬರೆದಿರುವುದಿಲ್ಲ. ಅದನ್ನು ಗದ್ದೆಯವರನ್ನೇ ಕೇಳಬೇಕು.

ಕೇಳುವವರು ಈಗ ಘಟ್ಟವನ್ನೂ ಹತ್ತುತ್ತಿದ್ದಾರೆ. ಹೋದ ಬೇಸಿಗೆಯಲ್ಲಿ ಮಂಗಳೂರಿನಿಂದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ನಮ್ಮ ತೋಟಕ್ಕೆ ಬಂದಿದ್ದಳು. ಅವಳಿಗೆ ಬೇಕಿದ್ದದ್ದು ನಮ್ಮ ತಂದೆಯವರ ಮಳೆ ಪುಸ್ತಕ. ತೋಟದವರಿಗೆ ಗೊತ್ತಿರುತ್ತದೆ, ಬೆಳಿಗ್ಗೆ ಎದ್ದು ಮಳೆಮಾಪಕದ ನೀರು ಅಳೆದು, ಇಂಚು-ಸೆಂಟ್ಸ್ ಲೆಕ್ಕದಲ್ಲಿ ಬರೆದಿಡದೆ ಕಾಫಿ ಕುಡಿಯುವ ಪದ್ಧತಿಯಿಲ್ಲ. ಅಂಕಿಗಳನ್ನು ಅವಳು ಬೇಗ ಬೇಗ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡಳು. ಅಂಚಿನಲ್ಲಿ ತಂದೆ ಪೆನ್ಸಿಲಿನಲ್ಲಿ ಗೀಚಿದ್ದ ಎರಡು ಪದ ಕಂಡಾಗ ಮಾತ್ರ ಕೈ ನಿಂತಿತು: ‘ಹೊಳೆ ಕೆಂಪು’. ‘ಇದು ಏನು ಸರ್?’ ಎಂದಳು. ಮೇಲೆಲ್ಲೋ ಗುಡ್ಡ ಜರಿದು ಹೊಳೆ ಕೆಮ್ಮಣ್ಣಾಗಿ ಹರಿದ ದಿನ ಹಾಗೆ ಬರೆಯುತ್ತಿದ್ದರು ಎಂದೆ. ಅವಳು ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ತಿರುವಿಹಾಕತೊಡಗಿದಳು, ಈ ಸಲ ಅಂಚುಗಳನ್ನು ಮಾತ್ರ ನೋಡುತ್ತಾ. ಸಂಜೆಯವರೆಗೂ ಏಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಮತ್ತೆ ಬರುತ್ತೇನೆ ಎಂದು ಹೇಳಿ ಹೋಗಿದ್ದಾಳೆ. ಬರುವಾಗ ಧಕ್ಕೆಯಿಂದ ಎರಡು ಕೆಜಿ ಬೂತಾಯಿ ತರಲು ಅಮ್ಮ ಹೇಳಿದ್ದಾರೆ. ಬೆರಳುದ್ದದ್ದು ಬೇಡ ಎಂದೂ ಸೇರಿಸಿದ್ದಾರೆ.

ನಮಸ್ಕಾರ.