ಹೆವಿ ಮೆಟಲ್‌ನ ಭಾರ ಎಲ್ಲಿದೆ?

ಕೇಳುಗರಿಗೆ ನಮಸ್ಕಾರ.

ಗಿಟಾರಿನ ಅಬ್ಬರವಿರುವ ಹೆವಿ ಮೆಟಲ್ ಎಂಬ ರಾಕ್ ಸಂಗೀತ ಅಂದ ಕೂಡಲೇ ಕಿವಿ ಮುಚ್ಚಿಕೊಳ್ಳುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಎಂಬ ತಂಡಗಳು ಬಂದಾಗ ಅರಮನೆ ಮೈದಾನಕ್ಕೆ ಮುಗಿಬಿದ್ದದ್ದೂ ಇದೇ ಊರು. ಈ ಸಂಗೀತವನ್ನು ಪ್ರೀತಿಸುವವರು ಕೂಡ ಎಷ್ಟೋ ಸಲ ಒಂದು ಆಲ್ಬಂ ಎಷ್ಟು ಜೋರಾಗಿದೆ ಅನ್ನುವುದರ ಮೇಲೇ ತೀರ್ಪು ಕೊಟ್ಟುಬಿಡುತ್ತಾರೆ. ಹೆವಿ ಅಂದರೆ ಭಾರ. ಆ ಭಾರ ಎಲ್ಲಿಂದ ಹುಟ್ಟುತ್ತದೆ, ಎಲ್ಲಿ ಸೋರಿಹೋಗುತ್ತದೆ ಅನ್ನುವುದನ್ನು ಕೆಲವು ಆಲ್ಬಂ ಹಿಡಿದು ನೋಡೋಣ.

ಬ್ಲ್ಯಾಕ್ ಸ್ಯಾಬತ್ ತಂಡದ ಮೊದಲ ಆಲ್ಬಂ ಹೊರಬಂದದ್ದು 1970ರ ಫೆಬ್ರವರಿ 13ರಂದು. ಶುರುವಿಗೆ ಮಳೆ, ದೂರದಲ್ಲಿ ಚರ್ಚಿನ ಗಂಟೆ. ಆಮೇಲೆ ಗಿಟಾರಿನಲ್ಲಿ ಮೂರೇ ಮೂರು ಸ್ವರ. ನಮ್ಮ ಲೆಕ್ಕದಲ್ಲಿ ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಪಂಚಮದಲ್ಲಿ ನಿಂತಿದ್ದರೆ ಕಿವಿಗೆ ನೆಮ್ಮದಿ ಇರುತ್ತಿತ್ತು. ಅದಕ್ಕಿಂತ ಅರ್ಧ ಸ್ವರ ಕೆಳಗೆ ನಿಲ್ಲಿಸಿ, ಅಲ್ಲೇ ಸ್ವರವನ್ನು ನಡುಗಿಸುತ್ತಾರೆ. ಕಲ್ಯಾಣಿಯಲ್ಲಿ ಇದೇ ಪ್ರತಿಮಧ್ಯಮ ಎಷ್ಟು ಸುಂದರ! ಅಲ್ಲಿ ಅಕ್ಕಪಕ್ಕದ ಸ್ವರಗಳ ಆಸರೆ ಇದೆ, ಇಲ್ಲಿ ಅದು ಒಂಟಿ. ಎದೆ ಧಸಕ್ಕೆನ್ನುವುದು ಅದಕ್ಕೇ. ಈ ಹಾಡಿನಲ್ಲಿ ವೇಗವಂತೂ ಇಲ್ಲವೇ ಇಲ್ಲ.

ಗಿಟಾರ್ ವಾದಕ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡವರು. ಅವರು ಎಡಚರು, ಅಂದರೆ ತಂತಿ ಒತ್ತಬೇಕಾದ ಕೈಗೇ ಪೆಟ್ಟು ಬಿದ್ದಿತ್ತು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ತೆಳುವಾದ ತಂತಿ ಕಟ್ಟಿದರು. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯ ಕೆಲವು ಹಾಡುಗಳಲ್ಲಿ ಶ್ರುತಿಯನ್ನೇ ಒಂದೂವರೆ ಸ್ವರ ಇಳಿಸಿದರು. 82 ಹರ್ಟ್ಸ್‌ನಲ್ಲಿ ಮಿಡಿಯುವ ದಪ್ಪ ತಂತಿ 69ಕ್ಕೆ ಬಂತು. ತಂತಿ ಸಡಿಲವಾದಾಗ ಬೆರಳಿಗೆ ನೋವು ಕಡಿಮೆ, ನಾದಕ್ಕೆ ತೂಕ ಹೆಚ್ಚು. 'ಚಿಲ್ಡ್ರನ್ ಆಫ್ ದ ಗ್ರೇವ್' ಕೇಳಿ: ದಪ್ಪ ತಂತಿ ಮೀಟಿದಾಗಲೆಲ್ಲ ತುಸು ತುಯ್ದಾಡುವುದು ಕಿವಿಗೆ ಸಿಗುತ್ತದೆ. ಸುಮಾರು 34 ನಿಮಿಷದ ಈ ಆಲ್ಬಂ ನನ್ನ ಮಟ್ಟಿಗೆ ಇಡೀ ಪ್ರಕಾರದ ಅಡಿಪಾಯ.

ಇನ್ನೊಂದು ಗುಟ್ಟು ಇದೆ. ಈ ಗಿಟಾರುಗಳು ಬಹುಪಾಲು ನುಡಿಸುವುದು ಷಡ್ಜ-ಪಂಚಮದ ಜೋಡಿ ಮಾತ್ರ. ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒರಟಾಗಿಸುವ ತಂತ್ರ) ಹಾಕಿದಾಗ ಪ್ರತಿ ಸ್ವರದ ಮೇಲೂ ಉಪಸ್ವರಗಳು ದಂಡಿಯಾಗಿ ಏಳುತ್ತವೆ. ನಡುವೆ ಗಾಂಧಾರವನ್ನೂ ತುರುಕಿದರೆ ಎಲ್ಲ ಕಲಸುಮೇಲೋಗರ ಆಗುತ್ತದೆ.

ಈಗ ಮೆಟಾಲಿಕಾದ 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್'. ರಚನೆಯಲ್ಲಿ ಅದ್ಭುತ, ಆದರೆ ತಳದ ನಾದ ಕೊಡುವ ಬೇಸ್ ಗಿಟಾರ್ ಎಲ್ಲಿ? ಬೇಸ್ ವಾದಕ ಜೇಸನ್ ನ್ಯೂಸ್ಟೆಡ್ ನುಡಿಸಿದ್ದು ಹೆಚ್ಚುಕಡಿಮೆ ಗಿಟಾರಿನ ಸಾಲನ್ನೇ. ಗಿಟಾರಿಗೆ ಮಧ್ಯದ ನಾದ ತೆಗೆದು ತಳದ ನಾದ ತುಂಬಿದ್ದರಿಂದ ಬೇಸ್‌ಗೆ ಜಾಗವೇ ಉಳಿಯಲಿಲ್ಲ. ಅದರ ಮೇಲೆ, ಬೇಸ್ ಇನ್ನೂ ತಗ್ಗಿಸಿ ಎಂದು ತಂಡದವರೇ ಹೇಳಿದರು ಎಂದು ವಾದ್ಯಗಳ ಮಟ್ಟ ಹೊಂದಿಸುವ ಮಿಕ್ಸಿಂಗ್ ಮಾಡಿದವರು ತಿಳಿಸಿದ್ದಾರೆ. ಮನೆಯಲ್ಲಿ ಬೇಸ್ ಗುಂಡಿ ತಿರುಗಿಸಿ ಇದನ್ನು ಸರಿಮಾಡಲು ಹೋಗಬೇಡಿ. ಗುಂಡಿಗೆ ವಾದ್ಯದ ಗುರುತು ಗೊತ್ತಿಲ್ಲ, ಗಿಟಾರಿನ ತಳವೂ ಕಾಲಿನ ಡ್ರಮ್ಮೂ ಉಬ್ಬುತ್ತವೆ ಅಷ್ಟೇ.

ಇದರ ಪಕ್ಕದಲ್ಲಿ ಐರನ್ ಮೇಡನ್‌ನ 'ಪವರ್‌ಸ್ಲೇವ್' ಇಟ್ಟು ನೋಡಿ, 1984ರದು. ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಪ್ಲೆಕ್ಟ್ರಮ್ (ತಂತಿ ಮೀಟುವ ಬಿಲ್ಲೆ) ಹಿಡಿಯದೆ ಬೆರಳಲ್ಲೇ ನುಡಿಸುವ 'ತಾ ತಕ, ತಾ ತಕ' ಕುದುರೆ ಓಟ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಕೊನೆಯ ಹಾಡು 13 ನಿಮಿಷ ಮೀರಿದ್ದು. ನಡುವೆ ಎಲ್ಲ ತಣ್ಣಗಾಗಿ, ಹಡಗಿನ ಮರ ಕಿರುಗುಟ್ಟುವ ಸದ್ದು, ಮೆಲ್ಲಗೆ ಬೇಸ್ ಉಳಿಯುತ್ತವೆ. ಆ ಮೌನವನ್ನು ದಾಟಿ ಗಿಟಾರುಗಳು ಮರಳಿ ಎದ್ದಾಗ ಅವುಗಳ ತೂಕ ಎರಡರಷ್ಟು ಅನ್ನಿಸುತ್ತದೆ.

ಆ ಏರಿಳಿತವನ್ನೇ ಅಳಿಸಿಬಿಟ್ಟರೆ? 2008ರ 'ಡೆತ್ ಮ್ಯಾಗ್ನೆಟಿಕ್' ನೋಡಿ. ಮೆಟಾಲಿಕಾದ ಹಾಡುಗಳು ಗಟ್ಟಿ, ಆದರೆ ಸೀಡಿ ತಾಳುವ ಗರಿಷ್ಠ ಜೋರಿನ ಮಿತಿಗೆ ಎಲ್ಲವನ್ನೂ ಒತ್ತಿ ತುಂಬಿದ್ದಾರೆ. ಡಿಜಿಟಲ್‌ನಲ್ಲಿ ಆ ಮಿತಿ ದಾಟುವಂತಿಲ್ಲ. ಸ್ನೇರ್ ಎಂಬ ಸಣ್ಣ ಡ್ರಮ್ಮಿನ ಪೆಟ್ಟು ಎದ್ದ ಕೂಡಲೇ ತುದಿ ಕತ್ತರಿಸಿ ಚಪ್ಪಟೆ ಆಗುತ್ತದೆ. 'ಟಕ್' ಅನ್ನಬೇಕಾದದ್ದು 'ಚರ್' ಅನ್ನುತ್ತದೆ. ಇದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೋ ಗೇಮಿನಲ್ಲಿ ಅಷ್ಟು ಒತ್ತಡವಿಲ್ಲದೆ ಬಂದಾಗ ಅಭಿಮಾನಿಗಳು ಅದನ್ನೇ ಮೆಚ್ಚಿದರು. ಇಷ್ಟು ಒಳ್ಳೆಯ ನುಡಿಸಾಣಿಕೆಗೆ ಹೀಗಾದದ್ದು ನಿಜಕ್ಕೂ ನೋವಿನ ಸಂಗತಿ.

ಹಾಗಾಗಿ ಹಳೆಯ ಆಲ್ಬಂ ಒಂದರ ರೀಮಾಸ್ಟರ್ (ನಾದವನ್ನು ಮತ್ತೆ ಹದಗೊಳಿಸಿದ ಹೊಸ ಆವೃತ್ತಿ) ಚೆನ್ನಾಗಿದೆ ಅನ್ನುವ ಮೊದಲು ಹೀಗೆ ಮಾಡಿ. ಎರಡು ಆವೃತ್ತಿಗಳಲ್ಲೂ ಹಾಡುಗಾರನ ದನಿ ಒಂದೇ ಮಟ್ಟದಲ್ಲಿ ಕೇಳುವ ಹಾಗೆ ವಾಲ್ಯೂಮ್ ಸರಿಹೊಂದಿಸಿ. ಒಂದೆರಡು ಡೆಸಿಬಲ್ ಜೋರಾಗಿದ್ದರೂ ಕಿವಿ ಅದನ್ನೇ 'ಚೆನ್ನಾಗಿದೆ' ಅನ್ನುತ್ತದೆ. ಆಮೇಲೆ ಸ್ನೇರ್ ಡ್ರಮ್ ಒಂದನ್ನೇ ಹಿಂಬಾಲಿಸಿ. ಮೊಬೈಲಿನ ಆ್ಯಪ್‌ನಲ್ಲಿ 'ರಾಕ್' ಎಂಬ ಈಕ್ವಲೈಜರ್ (ತಳ, ಮಧ್ಯ, ಮೇಲಿನ ನಾದದ ಪ್ರಮಾಣ ಬದಲಿಸುವ ಸೆಟ್ಟಿಂಗ್) ಇದ್ದರೆ ಆಫ್ ಮಾಡಿ. ಅದು ಸಾಮಾನ್ಯವಾಗಿ ಮಧ್ಯದ ನಾದವನ್ನು ಕುಗ್ಗಿಸುತ್ತದೆ, ಗಿಟಾರಿನ ಮಾತೆಲ್ಲ ಇರುವುದು ಅಲ್ಲೇ. ನಮ್ಮ ಫ್ಲಾಟುಗಳ ಸಣ್ಣ ಕೋಣೆಯಲ್ಲಿ ಸ್ಪೀಕರನ್ನು ಮೂಲೆಗೆ ಒತ್ತಿದರೆ ತಳದ ನಾದ ಗುಂಯ್‌ಗುಟ್ಟುತ್ತದೆ. ಗೋಡೆಯಿಂದ ಒಂದೂವರೆ ಎರಡು ಅಡಿ ಈಚೆಗೆ ಎಳೆಯಿರಿ.

ಹೀಗೆ ಸರಿಪಡಿಸಿಕೊಂಡ ಮೇಲೆ ನಮ್ಮೂರಿನದೇ ಕ್ರಿಪ್ಟೋಸ್ ತಂಡದ 'ಬರ್ನ್ ಅಪ್ ದ ನೈಟ್' ಹಾಕಿ, 2016ರದು. ಎರಡು ಗಿಟಾರುಗಳು ಕೈಕೈ ಹಿಡಿದು ಒಂದೇ ರಾಗವನ್ನು ಮೇಲೆ-ಕೆಳಗೆ ನುಡಿಸುವ ಕಡೆ ಎಡಕ್ಕೊಂದು ಬಲಕ್ಕೊಂದು ಬಿಡಿಸಿಕೊಳ್ಳಲು ನೋಡಿ, ಅವುಗಳ ಕೆಳಗೆ ಬೇಸ್ ಏನು ಮಾಡುತ್ತಿದೆ ಅಂತಲೂ ಹುಡುಕಿ.

ನಮಸ್ಕಾರ.